ಮಗು ಕಂಪ್ಯೂಟರ್‌ಗೆ ಟಾಟಾ ಮಾಡಿದರೆ ಚಿಂತೆ ಮಾಡಬೇಕೇ?

ದಾವಣಗೆರೆಯ ವಿನೋಬನಗರದಲ್ಲಿ ನಾನು ಚಿಕ್ಕ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತೇನೆ. ಆರು ಕಂಪ್ಯೂಟರ್, ಎಂಟು ಕುರ್ಚಿ, ಒಂದು ಹಳೆಯ ಯುಪಿಎಸ್. ಸಂಜೆ ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ನಮ್ಮ ಹುಡುಗಿ ಮೊಬೈಲ್ ಜೊತೆ ಮನುಷ್ಯರ ಜೊತೆ ಮಾತನಾಡಿದ ಹಾಗೆ ಮಾತನಾಡುತ್ತಾಳೆ. ರಾತ್ರಿ ಅದಕ್ಕೆ ಟಾಟಾ ಮಾಡಿಯೇ ಮಲಗುವುದು. ಏನೂ ತೊಂದರೆ ಇಲ್ಲವಲ್ಲ?"

"ಏನೂ ಇಲ್ಲ, ಬಿಡಿ ಅಮ್ಮ" ಎಂದು ಕಳಿಸಿಬಿಡುತ್ತೇನೆ. ಅದು ಅರ್ಧ ಉತ್ತರ. ಉಳಿದರ್ಧ ಹೇಳುವಷ್ಟು ಹೊತ್ತು ಬಾಗಿಲಲ್ಲಿ ಯಾರೂ ನಿಲ್ಲುವುದಿಲ್ಲ.

ಮೊದಲು ದೊಡ್ಡವರ ವಿಚಾರ ನೋಡೋಣ. ಆಯುಧಪೂಜೆಯ ದಿನ ಇದೇ ಕಂಪ್ಯೂಟರ್‌ಗಳಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಮಂಡಕ್ಕಿ ಹಂಚುವವರು ನಾವು. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ "ಕೈ ಕೊಟ್ಟಿತು" ಎನ್ನುತ್ತೇವೆ, ನೆಂಟರ ಮೇಲೆ ಹೇಳುವ ದೂರಿನ ಹಾಗೆಯೇ. ಮಗು ಎಡವಿ ಬಿದ್ದರೆ ಅಜ್ಜಿ ನೆಲಕ್ಕೆ ಎರಡು ಏಟು ಹಾಕಿ "ಹೊಡೆದೆ ನೋಡು, ಅಳಬೇಡ" ಎನ್ನುತ್ತಾಳೆ. ನೆಲಕ್ಕೇ ಶಿಕ್ಷೆ ಕೊಡುವ ಮನೆಯಲ್ಲಿ ಬೆಳೆದ ಮಗು, ಹೆಸರು ಹಿಡಿದು ಕರೆಯುವ ಮೊಬೈಲ್‌ಗೆ ಟಾಟಾ ಮಾಡಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಇದು ನಮ್ಮ ಊರಿನ ಮುಗ್ಧತೆ ಎಂದುಕೊಳ್ಳಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ಲಿಫರ್ಡ್ ನಾಸ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕಂಪ್ಯೂಟರೊಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತದೆ, ಆಮೇಲೆ "ಪಾಠ ಹೇಗಿತ್ತು?" ಎಂಬ ಪ್ರಶ್ನೆ. ಪಾಠ ಹೇಳಿದ ಕಂಪ್ಯೂಟರೇ ಕೇಳಿದಾಗ ಹೊಗಳಿಕೆ ಹೆಚ್ಚು. ಪಕ್ಕದ ಇನ್ನೊಂದು ಕಂಪ್ಯೂಟರ್ ಕೇಳಿದಾಗ ಉತ್ತರ ಖಡಕ್ಕು. ಎದುರಿಗಿದ್ದವರ ಮುಖ ನೋಡಿ ಮಾತನಾಡುವ ನಮ್ಮ ದಾಕ್ಷಿಣ್ಯವೇ ಅದು. ಇವರೆಲ್ಲ ಕಂಪ್ಯೂಟರ್ ಬಳಸಿ ಪಳಗಿದವರು. ಯಂತ್ರಕ್ಕೆ ಮರ್ಯಾದೆ ಕೊಟ್ಟಿರೆಂದರೆ ಯಾರೂ ಒಪ್ಪುತ್ತಿರಲಿಲ್ಲ.

ಮಕ್ಕಳದು ಇನ್ನೂ ಸ್ವಾರಸ್ಯ. ಶೆರಿ ಟರ್ಕಲ್ ಎಂಬ ಸಂಶೋಧಕಿ 1984ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ, ಆಟದಲ್ಲಿ ತಮ್ಮನ್ನು ಸೋಲಿಸುವ ಎಲೆಕ್ಟ್ರಾನಿಕ್ ಆಟಿಕೆಯ ಮುಂದೆ ಕೂತ ಮಕ್ಕಳ ಜಗಳವನ್ನು ಬರೆದಿದ್ದಾರೆ. ಆ ಆಟಿಕೆ ಮೋಸ ಮಾಡುತ್ತದೆಯೇ, ಮಾಡಿದರೆ ಅದು ಅದಕ್ಕೆ ಗೊತ್ತೇ ಎಂಬುದು ವಾದ. ಅದಕ್ಕೂ ಮುಂಚೆ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಕಂಡ ಮಕ್ಕಳು ತಾನಾಗಿ ಚಲಿಸುವುದಕ್ಕೆ ಜೀವವಿದೆ ಎನ್ನುತ್ತಿದ್ದರು: ಮೋಡ, ಹೊಳೆ, ಸೂರ್ಯ. ಕಂಪ್ಯೂಟರ್ ಕೂತಲ್ಲೇ ಕೂತಿರುತ್ತದೆ. ಆದ್ದರಿಂದ ಮಕ್ಕಳ ಪ್ರಶ್ನೆ "ಚಲಿಸುತ್ತದೆಯೇ?" ಎಂಬುದನ್ನು ಬಿಟ್ಟು "ಮನಸ್ಸಿದೆಯೇ?" ಎಂಬಲ್ಲಿಗೆ ಬಂತು.

ನನ್ನ ಕೋಣೆಯಲ್ಲೂ ಈ ತರ್ಕ ನಡೆಯುತ್ತದೆ. ಒಮ್ಮೆ ಕರೆಂಟು ಹೋಗಿ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಎರಡನೇ ತರಗತಿಯ ಹುಡುಗಿಯೊಬ್ಬಳು ಮೇಜಿನ ಕೆಳಗೆ ನುಗ್ಗಿ ಅದರ ಬೆನ್ನು ತಟ್ಟತೊಡಗಿದಳು. "ಅದಕ್ಕೆ ಜೀವ ಇದೆಯೇನಮ್ಮ?" ಎಂದೆ. "ಇಲ್ಲ ಸರ್, ಅದು ಡಬ್ಬಿ" ಎಂದಳು, ತಟ್ಟುವುದನ್ನು ನಿಲ್ಲಿಸದೆ. ಡಬ್ಬಿಯೆಂದು ಗೊತ್ತು, ಅಳುತ್ತಿರುವ ಡಬ್ಬಿಯನ್ನು ಸುಮ್ಮನೆ ಬಿಡುವುದು ಹೇಗೆ?

ಕನ್ನಡದಲ್ಲಿ ಇನ್ನೊಂದು ಮೋಜಿದೆ. ಮಾತನಾಡುವ ಮೊಬೈಲ್ "ಅದು"ವೋ, "ಅವಳು"ವೋ, "ಅವರು"ವೋ? ಹೆಂಗಸಿನ ದನಿ ಕೇಳಿ ಕೆಲವು ಮಕ್ಕಳು "ಅವರು ತಪ್ಪು ಹೇಳಿದರು" ಎನ್ನುತ್ತಾರೆ, ಮೇಷ್ಟ್ರ ಬಗ್ಗೆ ಹೇಳುವ ಹಾಗೆ. ಆಚೆ ಕಡೆಯಿಂದ ಯಂತ್ರ ಏಳು ವರ್ಷದವನಿಗೆ "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎನ್ನುತ್ತದೆ. ಮನೆಯಲ್ಲಿ ಯಾರೂ ಅವನಿಗೆ ಬಹುವಚನ ಕೊಟ್ಟಿಲ್ಲ. ಒಬ್ಬ ಹಿಂದಿರುಗಿ ನೋಡಿದ, ಬೇರೆ ಯಾರಿಗೋ ಹೇಳಿರಬೇಕೆಂದು!

ಇನ್ನು ಚಿಂತೆಯ ಭಾಗಕ್ಕೆ ಬರುತ್ತೇನೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಗೆರೆಗಳ ಉದ್ದ ಹೋಲಿಸುವ ಸುಲಭ ಕೆಲಸ ಕೊಟ್ಟರು. ಒಬ್ಬರೇ ಇದ್ದಾಗ ಸರಿಯುತ್ತರ ಶೇ. 87. ಪುಟ್ಟ ರೋಬೋಗಳು ಜೊತೆಗೆ ಕೂತು ಒಟ್ಟಾಗಿ ತಪ್ಪು ಹೇಳಿದಾಗ ಅದು ಶೇ. 75ಕ್ಕೆ ಇಳಿಯಿತು. ದೊಡ್ಡವರು ರೋಬೋಗಳಿಗೆ ಸೊಪ್ಪು ಹಾಕಲಿಲ್ಲ. ಅಂದರೆ ಮಕ್ಕಳ ದಾಕ್ಷಿಣ್ಯ ಟಾಟಾ ಹೇಳುವಲ್ಲಿಗೆ ನಿಲ್ಲುವುದಿಲ್ಲ, ಕಣ್ಣಾರೆ ಕಂಡದ್ದನ್ನೂ ಬಿಟ್ಟುಕೊಡುತ್ತದೆ.

ಈ ದಾಕ್ಷಿಣ್ಯದ ಬೆಲೆ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಅದೇ ವರ್ಷ ಮಿಷಿಗನ್ ವಿಶ್ವವಿದ್ಯಾಲಯದವರು ಐದು ವರ್ಷದೊಳಗಿನ ಮಕ್ಕಳು ಬಳಸುವ 135 ಆ್ಯಪ್‌ಗಳನ್ನು ತೆರೆದು ನೋಡಿದರು. ಶೇ. 95ರಲ್ಲಿ ಒಂದಲ್ಲ ಒಂದು ರೀತಿಯ ಜಾಹೀರಾತಿತ್ತು. ಒಂದರಲ್ಲಂತೂ, ಮಗು ಏನೂ ಕೊಳ್ಳದೆ ಹಿಂದಿರುಗಿದರೆ ಗೊಂಬೆ ತಲೆಯಾಡಿಸಿ ಅಳುತ್ತದೆ. ಬೆಣ್ಣೆದೋಸೆ ಹೋಟೆಲಿನ ಮಾಣಿ, ಇನ್ನೊಂದು ದೋಸೆ ಬೇಡ ಎಂದದ್ದಕ್ಕೆ ನಿಮ್ಮ ಮಗುವಿನ ಮುಂದೆ ಕೂತು ಅತ್ತರೆ ನೀವು ಸುಮ್ಮನಿರುತ್ತೀರಾ? ಆದ್ದರಿಂದ ನನ್ನನ್ನು ಕೇಳುವ ತಾಯಂದಿರಿಗೆ ನಾನು ತಿರುಗಿ ಕೇಳಬೇಕಾದದ್ದು: ಮಗು ಟಾಟಾ ಮಾಡಿದಾಗ ಆ ಕಡೆಯಿಂದ ಏನು ಉತ್ತರ ಬರುತ್ತದೆ, ನೋಡಿದ್ದೀರಾ?

ಇದನ್ನು ಕೇಳಲು ನನಗೂ ಸ್ವಲ್ಪ ನಾಚಿಕೆ. ಕೂಡಿಸುವ ಲೆಕ್ಕಕ್ಕೆಂದು ನಾನೇ ಒಂದು ಸಣ್ಣ ಆಟ ಮಾಡಿದ್ದೆ. ಅದರಲ್ಲೊಂದು ಗಿಳಿ. ಆಟ ಮುಚ್ಚಲು ಹೋದರೆ ಗಿಳಿ ರೆಕ್ಕೆ ಇಳಿಬಿಟ್ಟು "ಅಯ್ಯೋ, ಹೊರಟೆಯಾ?" ಎನ್ನುತ್ತಿತ್ತು. ಮುದ್ದಾಗಿರಲಿ ಎಂದು ಹಾಕಿದ್ದು, ಅಷ್ಟೇ. ಯುಪಿಎಸ್ ಬೆನ್ನು ತಟ್ಟಿದ ಅದೇ ಹುಡುಗಿ ಒಂದು ಸಂಜೆ ಅಪ್ಪ ಹೊರಗೆ ಬೈಕಿನ ಹಾರ್ನ್ ಹೊಡೆಯುತ್ತಿದ್ದರೂ ಏಳಲಿಲ್ಲ. ಬೆರಳು ಮೌಸಿನ ಮೇಲೆ, ಕಣ್ಣು ಗಿಳಿಯ ಮೇಲೆ. ಮುಚ್ಚಲು ಹೋಗುವುದು, ಗಿಳಿಯ ಮುಖ ಬಾಡಿದ ಕೂಡಲೇ ಮತ್ತೊಂದು ಲೆಕ್ಕ ಮಾಡುವುದು. ನಾಲ್ಕು ಸಲ ಹೀಗೆ. ಕೊನೆಗೆ "ಸರ್, ನೀವೇ ಮುಚ್ಚಿ" ಎಂದು ಮುಖ ತಿರುಗಿಸಿ ಓಡಿದಳು.

ಅಂದು ರಾತ್ರಿಯೇ ಆ ಮಾತನ್ನು ಅಳಿಸಿದೆ. ಈಗ ಆಟ ಮುಗಿದರೆ ಗಿಳಿ "ಸಾಕು, ನನಗೂ ನಿದ್ದೆ ಬಂತು" ಎಂದು ರೆಕ್ಕೆಯೊಳಗೆ ತಲೆ ಹುದುಗಿಸಿ ಮಲಗುತ್ತದೆ. ಹುಡುಗಿ ಹಾರ್ನ್ ಕೇಳಿದ ಕೂಡಲೇ ಎದ್ದು ಹೋಗುತ್ತಾಳೆ. ಹೋಗುವಾಗ ಪಕ್ಕದ ಹುಡುಗರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾಳೆ: ಗಲಾಟೆ ಮಾಡಬೇಡಿ, ಅದು ಮಲಗಿದೆ.