ಸಿಗ್ನಾಗಿ: ಊರಿಗಿಂತ ದೊಡ್ಡ ಕೋಟೆ

ಜಾರ್ಜಿಯಾಕ್ಕೆ ಹೋಗುವ ನಮ್ಮವರು, ಅದರಲ್ಲೂ ದುಬೈ ಕಡೆಯಿಂದ ರಜೆಗೆ ಹೋಗುವವರು, ಸಿಗ್ನಾಗಿ ಅನ್ನುವ ಪುಟ್ಟ ಊರಿನಲ್ಲಿ ಎರಡು ಗಂಟೆ ಗಾಡಿ ನಿಲ್ಲಿಸಿ ಫೋಟೊ ಹೊಡೆದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಉಳಿಯಿರಿ.

ರಾಜಧಾನಿ ಟಿಬಿಲಿಸಿಯಿಂದ ಇಲ್ಲಿಗೆ ಸುಮಾರು 110 ಕಿ.ಮೀ. ಸಮ್ಗೋರಿ ಮೆಟ್ರೊ ಸ್ಟೇಷನ್ ಪಕ್ಕದಿಂದ ಮಾರ್ಶ್ರುತ್ಕಾ ಎನ್ನುವ ಮ್ಯಾಕ್ಸಿಕ್ಯಾಬ್‌ಗಳು ಹೊರಡುತ್ತವೆ, ಎರಡು ಗಂಟೆಯ ದಾರಿ. ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಗೆ. ಕಖೇತಿ ಸೀಮೆಯಲ್ಲಿ ಅದು ದ್ರಾಕ್ಷಿ ಕೊಯ್ಲಿನ ಕಾಲ, ಅವರು ರ್ತ್ವೆಲಿ ಅನ್ನುತ್ತಾರೆ.

ಊರು ಗುಡ್ಡದ ಮೇಲಿದೆ. ಕೆಂಪು ಹೆಂಚು, ಕೆತ್ತನೆಯ ಮರದ ಬಾಲ್ಕನಿ, ಕಲ್ಲು ಹಾಸಿದ ಬೀದಿ. ನಿಜ ಹೇಳಬೇಕೆಂದರೆ ಸ್ವಲ್ಪ ಜಾಸ್ತಿಯೇ ಚೆಂದ. 2007ರ ಹೊತ್ತಿಗೆ ಸರ್ಕಾರ ಇಡೀ ಊರನ್ನು ದುರಸ್ತಿ ಮಾಡಿಸಿ ಪ್ರವಾಸಿಗರಿಗೆ ಅಣಿ ಮಾಡಿತು. ಕೆಲವು ಮನೆಗಳ ಗೋಡೆ ನಿನ್ನೆ ಮೊನ್ನೆ ಬಣ್ಣ ಬಳಿದಂತಿದೆ. ದಿನದ ಇಪ್ಪತ್ನಾಲ್ಕು ಗಂಟೆಯೂ ಮದುವೆ ನೋಂದಣಿ ಮಾಡಿಕೊಡುವ ಕಚೇರಿ ಬೇರೆ ಇದೆ, ಅದಕ್ಕೇ ಇದಕ್ಕೆ ‘ಪ್ರೇಮದ ಊರು’ ಅಂತ ಹೆಸರು. ಅದನ್ನೆಲ್ಲ ಸುಮ್ನೆ ನೋಡಿ ಮುಂದೆ ಹೋಗಿ, ಅಸಲಿ ವಿಷಯ ಇರುವುದು ಕೋಟೆ ಗೋಡೆಯಲ್ಲಿ.

ಗೋಡೆಯ ಮೇಲೆ ನಡೆಯಲು ಬಿಡುವುದು ಒಂದಷ್ಟು ದೂರ ಮಾತ್ರ. ಇಕ್ಕಟ್ಟು ಮೆಟ್ಟಿಲು ಹತ್ತಿ ಬುರುಜಿನ ಮೇಲೆ ನಿಂತಾಗ ನನಗೆ ಲೆಕ್ಕವೇ ತಾಳೆಯಾಗಲಿಲ್ಲ. ಊರು ಇತ್ತ ಒಂದು ಕಡೆ ಮುಗಿದುಹೋಗಿದೆ, ಗೋಡೆ ಮಾತ್ರ ಮನೆಗಳನ್ನು ಬಿಟ್ಟು ಮರಗಳ ನಡುವೆ ಇಳಿಜಾರಿನಲ್ಲಿ ಹಾವಿನಂತೆ ಹೋಗುತ್ತಲೇ ಇದೆ. ಒಟ್ಟು ಉದ್ದ ನಾಲ್ಕು ಕಿಲೋಮೀಟರಿಗೂ ಹೆಚ್ಚು, 23 ಬುರುಜು. ಈಗ ಊರಲ್ಲಿರುವುದು ಎರಡು ಸಾವಿರಕ್ಕೂ ಕಡಿಮೆ ಜನ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಕೋಟೆ ಯಾಕೆ?

ಉತ್ತರ ಕೆಳಗಿದೆ. ಬುರುಜಿನಿಂದ ನೋಡಿದರೆ ಅಲಜಾನಿ ನದಿಯ ಬಯಲು, ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ ತೋಟ, ನಡುನಡುವೆ ಹಳ್ಳಿಗಳು, ಆಚೆ ಕಾಕಸಸ್ ಪರ್ವತ. ಆ ಬೆಟ್ಟಗಳ ಬೆನ್ನಿಗೇ ಈಗ ರಷ್ಯಾಕ್ಕೆ ಸೇರಿದ ದಾಗೆಸ್ತಾನ್. ಅಲ್ಲಿಂದ ಲೆಜ್ಗಿಗಳೆಂಬ ಬೆಟ್ಟದ ಜನರ ದಂಡು ಇಳಿದು ಬಂದು ಹಳ್ಳಿ ಲೂಟಿ ಮಾಡಿ, ಜನರನ್ನೂ ಹಿಡಿದುಕೊಂಡು ಹೋಗುತ್ತಿತ್ತು. 1762ರಲ್ಲಿ ದೊರೆ ಎರೆಕ್ಲೆ II ಈ ಕೋಟೆ ಕಟ್ಟಿಸಿದ್ದು ಅದಕ್ಕೇ. ಬುರುಜುಗಳಿಗೆ ಸುತ್ತಲಿನ ಹಳ್ಳಿಗಳ ಹೆಸರು. ದಾಳಿಯ ಸುದ್ದಿ ಬಂದರೆ ಆಯಾ ಹಳ್ಳಿಯವರು ತಮ್ಮ ಬುರುಜಿನ ಕಡೆ ಓಡಿ ಬರಬೇಕು. ಅಂದರೆ ಒಳಗಿನ ಖಾಲಿ ಜಾಗ ಊರವರಿಗಲ್ಲ, ಕೆಳಗಿನ ರೈತರಿಗೆ ಮತ್ತು ಅವರ ದನಕರುಗಳಿಗೆ. ಇದು ತಿಳಿದ ಮೇಲೆ ಆ ಗೋಡೆಯನ್ನು ನೋಡುವ ಕಣ್ಣೇ ಬದಲಾಯಿತು.

ಸಂಜೆ ನಾವು ಉಳಿದ ಮನೆಯ ಯಜಮಾನರು ವೈನ್ ಮಾಡುವ ನೆಲಮನೆಗೆ ಕರೆದುಕೊಂಡು ಹೋದರು. ಅವರು ಮರಾನಿ ಅನ್ನುತ್ತಾರೆ. ನೆಲದಲ್ಲಿ ಸಾಲಾಗಿ ಗುಂಡನೆ ಬಾಯಿಗಳು, ಒಳಗೆ ಆಳೆತ್ತರಕ್ಕೂ ಮಿಕ್ಕಿದ ಮಣ್ಣಿನ ಗುಡಾಣ, ಕ್ವೆವ್ರಿ. ಉತ್ತರ ಕರ್ನಾಟಕದಲ್ಲಿ ಜೋಳ ತುಂಬುವ ಹಗೇವು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ, ಕಾಳಿನ ಬದಲು ರಸ ಅಷ್ಟೇ. ಒಳಗೋಡೆಗೆ ಜೇನುಮೇಣ ಸವರಿರುತ್ತಾರೆ. ಬಿಳಿ ದ್ರಾಕ್ಷಿಯನ್ನೂ ತುಳಿದು ಸಿಪ್ಪೆ, ಬೀಜ, ತೊಟ್ಟಿನ ಸಮೇತ ಸುರಿಯುತ್ತಾರೆ. ಹುದುಗು ಬರುವಾಗ ಮೇಲೆ ತೇಲಿ ಬರುವ ಸಿಪ್ಪೆಯ ಪದರವನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒತ್ತಿ ಮುಳುಗಿಸಬೇಕು. ಯಜಮಾನರು ನನ್ನ ಕೈಗೂ ಕೋಲು ಕೊಟ್ಟರು. ಒತ್ತಿದ ಕೂಡಲೇ ಬುಸ್ಸೆಂದು ನೊರೆ, ಮೂಗಿಗೆ ಘಾಟು, ಅದರೊಳಗೆ ಯಾವಾಗಲೋ ಬಿದ್ದ ಒಂದು ಎಲೆ. ಹುದುಗು ನಿಂತ ಮೇಲೆ ಬಾಯಿ ಮುಚ್ಚಿದರೆ ವಸಂತಕ್ಕೇ ತೆಗೆಯುವುದು. ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ರ್ಕಾತ್ಸಿತೆಲಿ ಅನ್ನುವ ಬಿಳಿ ದ್ರಾಕ್ಷಿಯ ಹಳೆಯ ವರ್ಷದ ವೈನ್ ಸುರಿದು ಕೊಟ್ಟರು. ಬಣ್ಣ ಜೇನಿನದು, ರುಚಿ ಒಗರು. ಮೊದಲ ಗುಟುಕಿಗೆ ನನ್ನವಳು ಮುಖ ಹಿಂಡಿದಳು, ಎರಡನೇ ಲೋಟ ಮಾತ್ರ ಬೇಡ ಅನ್ನಲಿಲ್ಲ. ಸಿಪ್ಪೆಯಿಂದ ಭಟ್ಟಿ ಇಳಿಸುವ ಚಾಚಾ ಅನ್ನುವ ಖಡಕ್ ಸಾರಾಯಿ ಬೇರೆ ಇದೆ. ಅದರ ತಂಟೆಗೆ ಹುಷಾರು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಅಕ್ರೋಟಿನ ಮಸಾಲೆ ತುಂಬಿದ ಬದನೆಕಾಯಿ, ಹುರುಳಿಕಾಯಿ ಬೀಜದ ಲೋಬಿಯೊ, ಒಲೆಯ ಒಳಗೋಡೆಗೆ ಬಡಿದು ಸುಡುವ ಶೋತಿ ರೊಟ್ಟಿ, ಇಷ್ಟಿದ್ದರೆ ಸಾಕಲ್ವಾ?

ಮರುದಿನ ಎರಡು ಕಿ.ಮೀ. ದೂರದ ಬೋದ್ಬೆ ಮಠಕ್ಕೆ ನಡೆದೇ ಹೋಗಬಹುದು. ನಾಲ್ಕನೇ ಶತಮಾನದಲ್ಲಿ ಜಾರ್ಜಿಯಾಕ್ಕೆ ಕ್ರೈಸ್ತ ಧರ್ಮ ತಂದ ಸಂತ ನೀನೊ ಅವರ ಸಮಾಧಿ ಅಲ್ಲಿದೆ. ಸೋವಿಯತ್ ಕಾಲದಲ್ಲಿ ಅದನ್ನು ಆಸ್ಪತ್ರೆ ಮಾಡಿದ್ದರಂತೆ. ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು. ಕೆಳಗಿನ ಚಿಲುಮೆಗೆ ಮೆಟ್ಟಿಲು ಇಳಿಯುವಾಗ ಸುಲಭ, ಹತ್ತುವಾಗ ಗೊತ್ತಾಗುತ್ತದೆ. ಮಂಡಿ ನೋವಿದ್ದವರು ಮೇಲೆಯೇ ಕೂತು ಬಯಲು ನೋಡಲಿ. ವಾಪಸ್ ಗಾಡಿಗಳು ಸಂಜೆಗೇ ನಿಂತುಹೋಗುತ್ತವೆ, ಕೊನೆಯದು ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.