ಫ್ಯೆಲ್‌ಬಕಾದಲ್ಲಿ ಬಿಟ್ಟು ಬಂದ ಮುಚ್ಚಳ

ಅಮ್ಮ ಸ್ವೀಡನ್ನಿಗೆ ಬಂದು ಎರಡೂವರೆ ತಿಂಗಳಾಗಿತ್ತು, ವೀಸಾ ಇದ್ದಿದ್ದು ಮೂರೇ ತಿಂಗಳಿಗೆ, ನಾನು ಆಫೀಸು ಮೀಟಿಂಗು ಅಂತ ಅವಳನ್ನ ಗೋಥೆನ್‌ಬರ್ಗ್ ಬಿಟ್ಟು ಎಲ್ಲಿಗೂ ಕರ್ಕೊಂಡು ಹೋಗಿರ್ಲಿಲ್ಲ. ಮನೆ, ಟ್ರಾಮು, ತರಕಾರಿ ಅಂಗಡಿ, ಮತ್ತೆ ಮನೆ. ಅವಳೇನೂ ಕೇಳ್ತಿರ್ಲಿಲ್ಲ, ಅದೇ ಕಷ್ಟ, ಕೇಳಿದ್ರೆ ಜಗಳ ಆಡಬಹುದು.

ಒಂದು ಶುಕ್ರವಾರ ರಾತ್ರಿ ಸ್ವೀಡಿಷ್ ಕಲಿಯೋ ನೆಪದಲ್ಲಿ ಹಳೇ ಸಿನಿಮಾ ಹಾಕ್ಕೊಂಡು ಕೂತಿದ್ದೆ. ‘ಆಟಮ್ ಸೊನಾಟಾ’, 1978ರದ್ದು, ಇಂಗ್ಮಾರ್ ಬರ್ಗ್‌ಮನ್ ನಿರ್ದೇಶನ. ತಾಯಿ ಪಾತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್, ಮಗಳಾಗಿ ಲಿವ್ ಉಲ್ಮನ್. (ಇಬ್ರೂ ಬರ್ಗ್‌ಮನ್ನೇ ಆದ್ರೂ ಸಂಬಂಧ ಏನಿಲ್ಲ, ನಮ್ಮಲ್ಲಿ ಗೌಡ್ರು ಇದ್ದ ಹಾಗೆ.) ಅಮ್ಮ ಒಗೆದ ಬಟ್ಟೆ ಮಡಚ್ತಾ ಪಕ್ಕದಲ್ಲಿ ಬಂದು ಕೂತ್ಲು, ಇಂಗ್ಲಿಷ್ ಸಬ್‌ಟೈಟಲ್ ಓದ್ತಾಳೆ, ಹೈಸ್ಕೂಲ್ ಟೀಚರ್ ಆಗಿದ್ದವಳು. ಕಥೆ ಇಷ್ಟೇ, ತಾಯಿ ದೊಡ್ಡ ಪಿಯಾನೋ ಕಲಾವಿದೆ, ಊರೂರು ತಿರುಗಿ ಕಛೇರಿ ಕೊಡೋಳು, ಏಳು ವರ್ಷ ಆದ್ಮೇಲೆ ಮಗಳ ಮನೆಗೆ ಬರ್ತಾಳೆ. ಮಗಳು ಅಮ್ಮನ ಮುಂದೆ ಶೊಪೆನ್‌ದು ಒಂದು ಪುಟ್ಟ ಪ್ರೆಲ್ಯೂಡ್ ನುಡಿಸ್ತಾಳೆ, ತಪ್ಪಿಲ್ದೇ ಏನಲ್ಲ, ಆದ್ರೆ ಜೀವ ಇಟ್ಟು ನುಡಿಸ್ತಾಳೆ. ಆಮೇಲೆ ತಾಯಿ ಪಕ್ಕದಲ್ಲೇ ಕೂತು, ಹೀಗಲ್ಲ ಹೀಗೆ, ಅಂತ ಅದನ್ನೇ ನುಡಿಸಿ ತೋರಿಸ್ತಾಳೆ. ಆವಾಗ ಕ್ಯಾಮೆರಾ ಕೈ ಮೇಲಿರಲ್ಲ, ಮಗಳ ಮುಖದ ಮೇಲಿರುತ್ತೆ, ಅವಳು ಅಮ್ಮನನ್ನೇ ನೋಡ್ತಾ ಇರ್ತಾಳೆ. ನಮ್ಮಮ್ಮ ನನ್ನ ಮಗನ ಪ್ಯಾಂಟು ಅರ್ಧ ಮಡಚಿದ್ದವಳು ಹಾಗೇ ಕೈಯಲ್ಲಿ ಹಿಡ್ಕೊಂಡು ಕೂತ್ಬಿಟ್ಲು.

ಮುಗಿದ ಮೇಲೆ ಒಂದೇ ಪ್ರಶ್ನೆ. "ಈಯಮ್ಮ ಯಾವೂರವಳು?"

ಸ್ಟಾಕ್‌ಹೋಮ್‌ನವಳು, ಆದ್ರೆ ಬೇಸಿಗೆಗೆ ಬಂದು ಇರ್ತಿದ್ದ ದ್ವೀಪ ಇಲ್ಲಿಂದ ಎರಡು ಗಂಟೆ ದಾರಿ, ಬೇಕಾದ್ರೆ ನಾಳೆನೇ ಹೋಗೋಣ ಅಂದೆ. ಅವಳು ಸರಿ ಅಂದ್ಲು. ಬೆಳಿಗ್ಗೆ ಆರಕ್ಕೆಲ್ಲ ಅಡುಗೆಮನೇಲಿ ಒಗ್ಗರಣೆ ಶಬ್ದ, ಎದ್ದು ನೋಡಿದ್ರೆ ಪುಳಿಯೋಗರೆ ಕಲಸಿ ಸ್ಟೀಲ್ ಡಬ್ಬಿಗೆ ತುಂಬ್ತಿದ್ಲು. ಆ ಡಬ್ಬಿ ಅವಳ ಮದುವೆಗೆ ಬಂದಿದ್ದು, ಮುಚ್ಚಳದ ಮೇಲೆ ಅಪ್ಪನ ಹೆಸರು, ಅವಳ ಹೆಸರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೊರೆಸಿರೋದು. ಮೈಸೂರಿಂದ ಉಪ್ಪಿನಕಾಯಿ ತುಂಬ್ಕೊಂಡು ಬಂದಿದ್ದೂ ಅದರಲ್ಲೇ. ನನ್ನ ಗಂಡನಿಗೂ ಮಗನಿಗೂ ಫುಟ್‌ಬಾಲ್ ಇತ್ತು, ಹಾಗಾಗಿ ನಾವಿಬ್ರೇ ಹೊರಟ್ವಿ.

ಕಾರಲ್ಲಿ ನಾನು ಇಂಗ್ರಿಡ್ ಕಥೆ ಶುರು ಮಾಡಿದೆ. 1915ರ ಆಗಸ್ಟ್ 29ಕ್ಕೆ ಹುಟ್ಟಿದವಳು, ಮೂರು ವರ್ಷ ತುಂಬೋ ಮೊದ್ಲೇ ತಾಯಿ ಇಲ್ಲ. ಅಪ್ಪನದ್ದು ಫೋಟೋ ಅಂಗಡಿ, ಮಗಳದ್ದು ಒಂದೊಂದು ವಯಸ್ಸಿನ ಫೋಟೋನೂ ತೆಗೀತಿದ್ದ, ಮಗು ತಾಯಿ ಸಮಾಧಿಗೆ ಹೂವಿಡೋದನ್ನೂ ಮೂವಿ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದ. "ಅಯ್ಯೋ" ಅಂದ್ಲು ಅಮ್ಮ. ಅಪ್ಪನೂ ಅವಳಿಗೆ ಹದಿಮೂರಾದಾಗ ಹೋದ, ಸಾಕ್ತಿದ್ದ ಅತ್ತೆ ಆರು ತಿಂಗಳಿಗೆ ಅವಳ ಕೈಯಲ್ಲೇ ಪ್ರಾಣ ಬಿಟ್ಲು, ಆಮೇಲೆ ಚಿಕ್ಕಪ್ಪನ ಮನೆ. 1933ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ಡ್ರಾಮಾಟಿಕ್ ಥಿಯೇಟರ್ ಸ್ಕೂಲಿಗೆ ಸೇರಿದ್ಲು, ಒಂದು ವರ್ಷಕ್ಕೇ ಬಿಟ್ಟು ಸಿನಿಮಾಗೆ ಹೋದ್ಲು. ದಂತವೈದ್ಯನ ಜೊತೆ ಮದುವೆ, ಪಿಯಾ ಅಂತ ಮಗಳು, 1939ರಲ್ಲಿ ಹಾಲಿವುಡ್ ಕರೀತು. ಹೆಸರು ಬದಲಾಯಿಸ್ಕೋ, ಹುಬ್ಬು ತೀಡಿಸ್ಕೋ ಅಂದ್ರು, ಆಗಲ್ಲ ಅಂದ್ಲು. ‘ಕಾಸಾಬ್ಲಾಂಕಾ’, ‘ಗ್ಯಾಸ್‌ಲೈಟ್’, ಮೊದಲನೇ ಆಸ್ಕರ್, ಇದೆಲ್ಲ ಎಲ್ರಿಗೂ ಗೊತ್ತಿರೋದೇ, ಇದನ್ನ ಬೇಗ ಬೇಗ ಹೇಳಿ ಮುಗಿಸಿದೆ. ನನಗೆ ಜಾಸ್ತಿ ಇಷ್ಟ ಆಗೋದು ನಾಟಕದ ವಿಷಯ. 1946ರಲ್ಲಿ ಜೋನ್ ಆಫ್ ಆರ್ಕ್ ನಾಟಕ ಮಾಡೋಕೆ ವಾಷಿಂಗ್ಟನ್‌ಗೆ ಹೋದ್ರೆ, ಆ ಥಿಯೇಟರ್ ಒಳಗೆ ಕರಿಯರನ್ನ ಬಿಡ್ತಿರ್ಲಿಲ್ಲ, ಇದು ಮೊದ್ಲೇ ಗೊತ್ತಿದ್ರೆ ನಾನು ಒಪ್ತಾನೇ ಇರ್ಲಿಲ್ಲ ಅಂತ ಪತ್ರಿಕೆಯವರ ಮುಂದೇನೇ ಹೇಳಿದ್ಲು, ಉಗಿಸ್ಕೊಂಡ್ಲು ಕೂಡ, ಮಾತಿಗಲ್ಲ, ನಿಜವಾಗ್ಲೂ ಉಗಿದ್ರು.

"ಗಟ್ಟಿಗಿತ್ತಿ" ಅಂದ್ಲು ಅಮ್ಮ.

ಮುಂದಿನ ಭಾಗ ಬಂದಾಗ ನನಗೇ ಸ್ವಲ್ಪ ಬಾಯಿ ಕಟ್ಟಿದ ಹಾಗಾಯ್ತು. ಯಾಕಂದ್ರೆ ನನ್ನ ಮಗನಿಗೆ ಎರಡು ವರ್ಷ ಇದ್ದಾಗ ನಾನು ಆನ್‌ಸೈಟ್ ಅಂತ ಇಲ್ಲಿಗೆ ಬಂದವಳು, ಎಂಟು ತಿಂಗಳು ಅವನನ್ನ ಮೈಸೂರಲ್ಲಿ ಅಮ್ಮನ ಹತ್ರ ಬಿಟ್ಟಿದ್ದೆ. ವಾಪಸ್ ಹೋದಾಗ ಅವನು ಬಾಗಿಲ ಹಿಂದೆ ನಿಂತು ಬರ್ಲೇ ಇಲ್ಲ. ಆ ವಿಷಯ ನಾವಿಬ್ರೂ ಇವತ್ತಿನವರೆಗೂ ಮಾತಾಡಿಲ್ಲ, ನೆಂಟರು ಮಾತ್ರ ಸಾಕಷ್ಟು ಮಾತಾಡಿದ್ದಾರೆ. ನನ್ನ ಗಂಡನೂ ಅದಾಗಿ ಮೂರು ವರ್ಷಕ್ಕೆ ಹತ್ತು ತಿಂಗಳು ಬೇರೆ ಊರಲ್ಲಿದ್ದ, ಆವಾಗ ಯಾರೂ ಏನೂ ಅನ್ನಲಿಲ್ಲ, ಪಾಪ ಒಬ್ನೇ ಊಟಕ್ಕೇನ್ ಮಾಡ್ತಾನೋ ಅಂದ್ರು.

ಇರ್ಲಿ. ಇಟಲಿಯ ಡೈರೆಕ್ಟರ್ ರೊಸ್ಸೆಲ್ಲಿನಿಯ ಸಿನಿಮಾ ನೋಡಿ ಮರುಳಾಗಿ, ನಿಮಗೊಬ್ಬ ಸ್ವೀಡಿಷ್ ನಟಿ ಬೇಕಾದ್ರೆ ಬರ್ತೀನಿ ಅಂತ ತಾನೇ ಕಾಗದ ಬರೆದ್ಲು, ಇಟಾಲಿಯನ್‌ನಲ್ಲಿ ಅವಳಿಗೆ ಗೊತ್ತಿದ್ದಿದ್ದು "ತಿ ಆಮೊ", ಅಂದ್ರೆ ನಿನ್ನ ಪ್ರೀತಿಸ್ತೀನಿ, ಅಷ್ಟೇ. 1949ರಲ್ಲಿ ಶೂಟಿಂಗಿಗೆ ಅಂತ ಸ್ಟ್ರೊಂಬೋಲಿ ದ್ವೀಪಕ್ಕೆ ಹೋದವಳು ಮನೆಗೆ ವಾಪಸ್ ಬರ್ಲಿಲ್ಲ. ಪಿಯಾಗೆ ಆಗ ಹತ್ತು ವರ್ಷ. 1950ರ ಫೆಬ್ರವರಿಯಲ್ಲಿ ರೊಸ್ಸೆಲ್ಲಿನಿಯಿಂದ ಗಂಡು ಮಗು, ಮಾರ್ಚಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಒಬ್ಬ ಎದ್ದು ನಿಂತು ಇವಳು ಕೆಟ್ಟದ್ದನ್ನ ಹಬ್ಬಿಸೋ ದೊಡ್ಡ ಶಕ್ತಿ ಅಂತ ಭಾಷಣ ಮಾಡಿದ. ಒಬ್ಬ ನಟಿ ಬಸುರಾದ್ಲು ಅಂತ ಸೆನೆಟ್‌ನಲ್ಲಿ ಚರ್ಚೆ! ಮಗಳ ಕಸ್ಟಡಿಗೆ ಕೇಸ್ ನಡೀತು, ಕೋರ್ಟಲ್ಲಿ ಪಿಯಾ, ನನಗೆ ಅಮ್ಮ ಇಷ್ಟ, ಆದ್ರೆ ಪ್ರೀತಿ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ಲು, ಇಂಗ್ರಿಡ್ ಕೇಸ್ ಸೋತ್ಲು.

ಅಮ್ಮ ಏನೂ ಅನ್ನಲಿಲ್ಲ. ಕಿಟಕಿ ಕಡೆ ನೋಡ್ತಾ "ಹಸುಗಳು ಎಷ್ಟು ಕ್ಲೀನಾಗಿವೆ ನೋಡೆ" ಅಂದ್ಲು.

ಫ್ಯೆಲ್‌ಬಕಾ ಪುಟ್ಟ ಊರು. ಬಂಡೆ ಬೆಟ್ಟಕ್ಕೆ ಒರಗಿಕೊಂಡ ಬಿಳಿ ಮರದ ಮನೆಗಳು, ನೀರಂಚಲ್ಲಿ ಕೆಂಪು ಬಣ್ಣದ ದೋಣಿಮನೆಗಳು, ಎದುರಿಗೆ ಸಮುದ್ರ ತುಂಬ ಆನೆ ಬೆನ್ನಿನ ಥರ ಬೋಳು ಬಂಡೆ ದ್ವೀಪಗಳು. ನಾನು ಮಾಡಿದ ದಡ್ಡ ಕೆಲಸ ಏನಂದ್ರೆ ದೋಣಿ ಟೈಮಿಂಗ್ ನೋಡದೇ ಹೋಗಿದ್ದು. ಆಗಸ್ಟ್ ಕೊನೆ ವಾರ, ಇಲ್ಲಿ ಸ್ಕೂಲ್ ಶುರುವಾದ್ರೆ ಬೇಸಿಗೆನೇ ಮುಗೀತು ಅಂತ ಲೆಕ್ಕ, ದಡದಲ್ಲಿ ಬೋರ್ಡು, ಸೀಸನ್ ಮುಗಿದಿದೆ ಮುಂದಿನ ಬೇಸಿಗೆಗೆ ಸಿಗೋಣ. ಅವಳ ದ್ವೀಪ ಡ್ಯಾನ್‌ಹೋಲ್ಮನ್ ದೂರ ಆಚೆ ಇದೆ, ಅದು ಹೇಗೂ ಖಾಸಗಿ, ಸುತ್ತು ಹಾಕಿ ಬರಬಹುದಿತ್ತು ಅಷ್ಟೇ. ಮೂರನೇ ಗಂಡ, ನಾಟಕಗಳ ನಿರ್ಮಾಪಕ ಲಾರ್ಸ್ ಶ್ಮಿತ್ ಅವಳನ್ನ ಅಲ್ಲಿಗೆ ಕರ್ಕೊಂಡು ಬಂದಿದ್ದು. ಪ್ರಪಂಚದ ಎಲ್ಲಾ ಕಡೆ ಮುಖ ಮುಚ್ಕೊಂಡು ಓಡಾಡಬೇಕಿದ್ದವಳು ಇಲ್ಲಿ ಈ ದಡಕ್ಕೆ ಬಂದು ಬ್ರೆಡ್ಡು ಮೀನು ಕೊಂಡು ಹೋಗ್ತಿದ್ಲು, ಊರವರು ನೋಡಿಯೂ ನೋಡದ ಹಾಗೆ ಇರ್ತಿದ್ರು. ಸ್ವೀಡನ್‌ನವರಿಗೆ ಅದು ಕಷ್ಟ ಅಲ್ಲ ಬಿಡಿ, ನಮ್ಮ ಎದುರು ಮನೆಯವರು ಐದು ವರ್ಷದಿಂದ ನಮ್ಮನ್ನ ಹಾಗೇ ನೋಡ್ತಿದ್ದಾರೆ.

ದೋಣಿ ಇಲ್ಲ ಅಂದ್ಮೇಲೆ ಊರ ಹಿಂದಿನ ಬೆಟ್ಟದ ಸೀಳಿಗೆ ಹೋದ್ವಿ, ಕುಂಗ್ಸ್‌ಕ್ಲಿಫ್ತನ್ ಅಂತಾರೆ. ಬಂಡೆ ಎರಡು ಹೋಳಾಗಿ ನಡುವೆ ಇಕ್ಕಟ್ಟು ದಾರಿ, ತಲೆ ಮೇಲೆ ಮನೆಯಷ್ಟು ದೊಡ್ಡ ಗುಂಡುಗಳು ಎರಡು ಗೋಡೆ ನಡುವೆ ಸಿಕ್ಕಾಕ್ಕೊಂಡು ನೇತಾಡ್ತಿವೆ. ಅಮ್ಮ ಕತ್ತೆತ್ತಿ ನೋಡಿ "ಇವತ್ತೇ ಬೀಳುತ್ತೆ ಇದು" ಅಂದ್ಲು. ಹತ್ತು ಹೆಜ್ಜೆ ಹತ್ತೋಷ್ಟರಲ್ಲಿ ಮಂಡಿ ಹಿಡ್ಕೊಂಡ್ತು, ಕಲ್ಲಿನ ಮೇಲೆ ಕೂತ್ಲು. ಆಗ ನಾನು ವ್ಹೀಲ್‌ಚೇರ್ ಕಥೆ ಹೇಳಿದೆ. 1975ರಲ್ಲಿ ‘ದಿ ಕಾನ್‌ಸ್ಟಂಟ್ ವೈಫ್’ ನಾಟಕ ತಗೊಂಡು ಅಮೆರಿಕ ತಿರುಗ್ತಿದ್ದಾಗ ಲಾಸ್ ಏಂಜಲೀಸ್‌ನಲ್ಲಿ ಕಾಲಿನ ಮೂಳೆ ಮುರೀತು, ಟಿಕೆಟ್ ಎಲ್ಲಾ ಮಾರಾಗಿದೆ, ಶೋ ನಿಲ್ಲಿಸ್ಲಿಲ್ಲ ಕಣೇ, ಕಾಲಿಗೆ ಬ್ಯಾಂಡೇಜು ಹಾಕ್ಕೊಂಡು ವ್ಹೀಲ್‌ಚೇರಲ್ಲೇ ಕೂತು ಪಾರ್ಟ್ ಮಾಡಿದ್ಲು. ಮೊದಮೊದ್ಲು ಕುರ್ಚಿ ಓಡಿಸೋಕೆ ಬರ್ದೇ ಸೆಟ್‌ಗೆ ಸೋಫಾಗೆಲ್ಲ ಗುದ್ದೋದು, ಜನ ಬಿದ್ದು ಬಿದ್ದು ನಗೋದು. ಆಗಲೇ ಅವಳಿಗೆ ಅರವತ್ತರ ಹತ್ತಿರ, ಸ್ತನದ ಕ್ಯಾನ್ಸರ್ ಬೇರೆ ಆಪರೇಷನ್ ಆಗಿತ್ತು. ಅಮ್ಮ ನಕ್ಕು ಎದ್ಲು, ಆದ್ರೆ ಮೇಲಕ್ಕಲ್ಲ, ಕೆಳಕ್ಕೆ. "ಅವಳಿಗೆ ಟಿಕೆಟ್ ಮಾರಿತ್ತು, ನನಗೇನಾಗಿದೆ."

ಬಂದರಿನ ಚೌಕಕ್ಕೆ ಅವಳ ಹೆಸರೇ ಇಟ್ಟಿದ್ದಾರೆ. ನಡುವೆ ಕಂಚಿನ ತಲೆ, ಮುಖ ಸಮುದ್ರದ ಕಡೆ, ಸುತ್ತ ಗುಲಾಬಿ. ಆ ಗುಲಾಬಿ ತಳಿಗೂ ಇಂಗ್ರಿಡ್ ಬರ್ಗ್‌ಮನ್ ಅಂತಲೇ ಹೆಸರು, ಕಡು ಕೆಂಪು. ಅಮ್ಮ ಬಗ್ಗಿ ಮೂಸಿ "ಘಮನೇ ಇಲ್ವಲ್ಲೆ" ಅಂತ ನಿರಾಸೆ ಮಾಡ್ಕೊಂಡ್ಲು. 1982ರಲ್ಲಿ, ಹುಟ್ಟಿದ ತಾರೀಖಿಗೇ, ಆಗಸ್ಟ್ 29ಕ್ಕೇ ಲಂಡನ್ನಲ್ಲಿ ತೀರಿಕೊಂಡಾಗ ಬೂದಿಯನ್ನ ಇದೇ ನೀರಲ್ಲಿ, ದ್ವೀಪದ ಹತ್ರ ಬಿಟ್ರು, ಉಳಿದ ಸ್ವಲ್ಪ ಸ್ಟಾಕ್‌ಹೋಮ್‌ನಲ್ಲಿ ಅಪ್ಪ ಅಮ್ಮನ ಸಮಾಧಿಗೆ. "ನಮ್ಮ ಥರಾನೇ" ಅಂದ್ಲು ಅಮ್ಮ, ಅವಳಿಗೆ ಅದು ಸಮಾಧಾನ ಆದ ಹಾಗೆ ಕಾಣ್ತು.

ಬೆಂಚ್ ಮೇಲೆ ಡಬ್ಬಿ ಬಿಚ್ಚಿದ್ವಿ. ಪುಳಿಯೋಗರೆ ತಿಂತಾ ರೊಸ್ಸೆಲ್ಲಿನಿ ಇಂಡಿಯಾಗೆ ಬಂದಿದ್ದು ಹೇಳಿದೆ, 1956ರ ಕೊನೇಲಿ ಇಂಡಿಯಾ ಬಗ್ಗೆ ಸಿನಿಮಾ ತೆಗೀತೀನಿ ಅಂತ ಬಂದ, ಅಲ್ಲಿ ಸೊನಾಲಿ ದಾಸ್‌ಗುಪ್ತಾ ಜೊತೆ ಸೇರ್ಕೊಂಡ, ಆಕೆನೂ ಮದುವೆಯಾಗಿ ಮಕ್ಕಳಿದ್ದವಳು, ಬೊಂಬಾಯಿ ಪತ್ರಿಕೆಗಳಿಗೆ ಹಬ್ಬ. ಇಂಗ್ರಿಡ್‌ಗೆ ಅಲ್ಲಿಗೆ ಆ ಮದುವೆನೂ ಮುಗೀತು, ಆದ್ರೂ ಲಂಡನ್ನಲ್ಲಿ ನೆಹರೂನ ಭೇಟಿಯಾಗಿ, ಅವನನ್ನೂ ಅವನ ಫಿಲ್ಮನ್ನೂ ತೊಂದರೆ ಇಲ್ದೇ ಕಳಿಸಿಕೊಡಿ ಅಂತ ಕೇಳಿಕೊಂಡಿದ್ದು ಇವಳೇ. ಆ ಸಿನಿಮಾದಲ್ಲಿ ಆನೆ ಮಾವುತರ ಭಾಗ ತೆಗೆದಿದ್ದು ಕಾರಾಪುರದಲ್ಲಿ ಅಂದೆ.

"ಯಾವ ಕಾರಾಪುರ? ನಮ್ಮ ಕಾರಾಪುರಾನಾ?" ಅಮ್ಮನ ತವರು ಎಚ್.ಡಿ.ಕೋಟೆ ಕಡೆ. ಕೈಯಲ್ಲಿದ್ದ ಹಪ್ಪಳ ಗಾಳಿಯಲ್ಲೇ ನಿಂತುಬಿಡ್ತು. "ಕಾಕನಕೋಟೆ ಖೆಡ್ಡಾ ನೋಡೋಕೆ ದೊರೆಗಳು ಬರ್ತಿದ್ರು ಅಂತ ನಮ್ಮಪ್ಪ ಹೇಳ್ತಿದ್ರು, ಈ ಗಿರಾಕಿನೂ ಬಂದಿದ್ನಾ" ಅಂತಿರೋ ಹೊತ್ತಿಗೆ ಹಿಂದಿನಿಂದ ಒಂದು ಕಡಲಹಕ್ಕಿ, ಕೋಳಿಗಿಂತ ದೊಡ್ಡದು, ರಪ್ ಅಂತ ಬಂದು ಹಪ್ಪಳ ಕಿತ್ಕೊಂಡು ಹೋಯ್ತು. ಅಮ್ಮ ಕಿರುಚಿದ ಹೊಡೆತಕ್ಕೆ ಅಲ್ಲಿದ್ದ ಅಷ್ಟೂ ಸ್ವೀಡನ್ನವರು, ಅಂದ್ರೆ ನಾಲ್ಕು ಜನ, ತಿರುಗಿ ನೋಡಿದ್ರು. ಇನ್ನೆರಡು ಹಕ್ಕಿ ಬಂದ್ವು, ಜೊತೆಗೆ ಮಳೆನೂ, ಸಿಕ್ಕಿದ್ದು ಬಾಚ್ಕೊಂಡು ಕಾರಿಗೆ ಓಡಿದ್ವಿ.

ಹೈವೇಗೆ ಬಂದ ಮೇಲೆ ಸುಮಾರು ಹೊತ್ತು ಸುಮ್ಮನಿದ್ದು ಅಮ್ಮ ಕೇಳಿದ್ಲು, "ಆ ದೊಡ್ಡ ಮಗಳು ಆಮೇಲೆ ಅಮ್ಮನ ಹತ್ರ ಬಂದ್ಲಾ?"

ಬಂದ್ಲು. 1951ರಲ್ಲಿ ನೋಡಿದ್ದು, ಆಮೇಲೆ 1957ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಲು. ಇಂಗ್ರಿಡ್‌ದು ಕೊನೇ ಪಾತ್ರ ಇಸ್ರೇಲ್ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್‌ದು, ಟೀವಿಗೆ, ಕ್ಯಾನ್ಸರ್‌ನಿಂದ ಬಲಗೈ ದಿಂಬಿನ ಹಾಗೆ ಊದಿತ್ತು, ರಾತ್ರಿಯೆಲ್ಲ ಕೈ ಮೇಲೆತ್ತಿ ಕಟ್ಟಿಸ್ಕೊಂಡು ಮಲಗ್ತಿದ್ಲಂತೆ ಬೆಳಿಗ್ಗೆ ಶಾಟ್‌ಗೆ ಊತ ಇಳೀಲಿ ಅಂತ. ಅದಕ್ಕೆ ಎಮ್ಮಿ ಅನ್ನೋ ಟೀವಿ ಪ್ರಶಸ್ತಿ ಬಂದಾಗ ಅವಳಿರ್ಲಿಲ್ಲ, ಸ್ಟೇಜ್ ಹತ್ತಿ ತಗೊಂಡಿದ್ದು ಪಿಯಾ. ಇನ್ನೊಂದು ಹೇಳ್ತೀನಿ ಕೇಳು ಅಂದೆ, ನಿನ್ನೆ ನೋಡಿದ್ವಲ್ಲ, ಆ ಸಿನಿಮಾ ಮಾಡುವಾಗ ಡೈರೆಕ್ಟರ್ ಜೊತೆ ಜಗಳ ಆಡಿದ್ಲಂತೆ, ಏಳು ವರ್ಷ ಮಗಳ ಮುಖ ನೋಡದೇ ಇರೋ ತಾಯಿ ಎಲ್ಲಾದ್ರೂ ಇರ್ತಾಳಾ, ಇದನ್ನ ಯಾರು ನಂಬ್ತಾರೆ ಅಂತ.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದ್ಲು. "ಐವತ್ತೊಂದರಿಂದ ಐವತ್ತೇಳು. ಆರು."

"ಹ್ಞೂಂ."

"ನಿನ್ನದು ಎಂಟು ತಿಂಗಳು" ಅಂದ್ಲು. ನಾನು ವೈಪರ್ ಜೋರು ಮಾಡಿದೆ. ಒಂದು ನಿಮಿಷ ಬಿಟ್ಟು "ಅವನು ರಾತ್ರಿ ನಿನ್ನ ಹಳೇ ನೈಟಿ ಹಿಡ್ಕೊಂಡು ಮಲಗ್ತಿದ್ದ, ಮೊದಲನೇ ತಿಂಗಳಷ್ಟೇ, ಆಮೇಲೆ ಬಿಟ್ಟ. ನಿನಗೆ ಹೇಳಿರ್ಲಿಲ್ಲ" ಅಂದ್ಲು. ಯಾಕೆ ಹೇಳ್ಲಿಲ್ಲ ಅಂತ ಕೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ಅವಳು ಕಾಲ ಬಳಿಯ ಚೀಲ ತಡಕಾಡೋಕೆ ಶುರು ಮಾಡಿದ್ಲು. ಡಬ್ಬಿ ಇದೆ, ಚಮಚ ಇದೆ, ಮುಚ್ಚಳ ಇಲ್ಲ.

"ಗಾಡಿ ತಿರುಗ್ಸು."

ಆಗಲೇ ನಲವತ್ತು ಕಿಲೋಮೀಟರ್ ಬಂದಿದ್ವಿ. ಮುಚ್ಚಳ ಬೇರೆ ಸಿಗುತ್ತೆ ಅಮ್ಮ ಅಂದೆ, ಹೇಳ್ತಿದ್ದ ಹಾಗೇ ನಾಲಿಗೆ ಕಚ್ಕೊಂಡೆ, ಮುಂದಿನ ಎಕ್ಸಿಟ್‌ನಲ್ಲಿ ತಿರುಗಿಸಿದೆ. ಚೌಕದಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಮುಚ್ಚಳ ಬೆಂಚಿನ ಮೇಲೇ ಅಂಗಾತ ಬಿದ್ದಿತ್ತು, ಒಳಗೆ ಮಳೆನೀರು, ಎರಡು ಅಗುಳು ಅನ್ನ. ಅಮ್ಮ ಆ ನೀರನ್ನ ಗುಲಾಬಿ ಬುಡಕ್ಕೆ ಚೆಲ್ಲಿ, ಜಾಕೆಟ್ ಕೆಳಗಿನಿಂದ ಸೆರಗು ಎಳೆದು ಹೆಸರಿದ್ದ ಕಡೆ ಎರಡು ಸಲ ಒರೆಸಿದ್ಲು. ನಾನು ಐದು ನಿಮಿಷಕ್ಕೆ ಪಾರ್ಕಿಂಗ್ ಮತ್ತೆ ಕಟ್ಟಬೇಕಾ ಅಂತ ಬೋರ್ಡು ಓದ್ತಾ ನಿಂತಿದ್ದೆ.