ಶಾಲೆ ಓದುತ್ತಲೇ ಜಪಾನಿ ಕಲಿಯುವವರಿಗೆ

ಹೈಸ್ಕೂಲ್ ಮಕ್ಕಳು ಜಪಾನಿ ಶುರು ಮಾಡಿದ ಕೂಡಲೇ ಕಾಂಜಿಗೆ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಲಿಪಿಗೆ, ಕೈ ಹಾಕಿ ಸುಸ್ತಾಗುತ್ತಾರೆ. ಮೊದಲು ಉಚ್ಚಾರಕ್ಕೆ ತಕ್ಕಂತೆ ಬರೆಯುವ ಮೂಲ ಲಿಪಿ ಹಿರಗಾನದ 46 ಅಕ್ಷರ ಬರಲಿ. ದಿನಕ್ಕೆ ಐದರಂತೆ ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಬರೆದರೆ ಹತ್ತು ದಿನ ಸಾಕು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಉಚ್ಚಾರ ಬರೆದುಕೊಳ್ಳಲೇಬೇಡಿ. ಕಣ್ಣು ಅದನ್ನೇ ಓದುತ್ತದೆ, ಹಿರಗಾನ ತಲೆಗೆ ಹತ್ತುವುದಿಲ್ಲ. ಆಮೇಲೆ ಹೊರಗಿನ ಭಾಷೆಗಳಿಂದ ಬಂದ ಪದ ಬರೆಯುವ ಲಿಪಿ ಕಟಕಾನ. ಅಲ್ಲಿ 'ಶಿ', 'ತ್ಸು' ಎರಡೂ ಒಂದೇ ಥರ ಕಾಣುತ್ತವೆ. ಶಿಯ ಉದ್ದ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ, ತ್ಸುವಿನದನ್ನು ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಕೈಗೆ ಈ ಕ್ರಮ ಕೂತರೆ ಗೊಂದಲ ಉಳಿಯುವುದಿಲ್ಲ.

ವ್ಯಾಕರಣದಲ್ಲಿ ನಮಗಿರುವ ಅನುಕೂಲ ನಿಜಕ್ಕೂ ದೊಡ್ಡದು. ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿಯಂಥದ್ದು ನಾಮಪದದ ನಂತರ. 'ಗಕ್ಕೋ ನಿ ಇಕಿಮಸ್' ಅಂದರೆ 'ಶಾಲೆಗೆ ಹೋಗುತ್ತೇನೆ'. 'ನಿ' ನಮ್ಮ 'ಗೆ' ಇರುವ ಜಾಗದಲ್ಲೇ ಕೂತಿದೆ. ಪುಸ್ತಕ ಇಂಗ್ಲಿಷಿನದಾದರೂ ವಾಕ್ಯವನ್ನು ನೇರ ಕನ್ನಡಕ್ಕೇ ಹೊಂದಿಸಿ. ಹ್ರಸ್ವ, ದೀರ್ಘ, ಒತ್ತಕ್ಷರವೂ ಹಾಗೆಯೇ: 'ಒಬಸನ್' ಚಿಕ್ಕಮ್ಮ ಅಥವಾ ಅತ್ತೆ, 'ಒಬಾಸನ್' ಅಜ್ಜಿ, 'ಕಿತೆ' ಬಾ, 'ಕಿತ್ತೆ' ಅಂಚೆಚೀಟಿ. ತೊಡಕು ಕೊಡುವುದು 'ವ' ಮತ್ತು 'ಗ' ಪ್ರತ್ಯಯಗಳು. ಅವಕ್ಕೆ ನಿಯಮ ಬಾಯಿಪಾಠ ಮಾಡುವುದಕ್ಕಿಂತ ಉದಾಹರಣೆ ವಾಕ್ಯಗಳನ್ನು ಗಟ್ಟಿಯಾಗಿ ಓದುವುದೇ ಮೇಲು.

ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಜುಲೈ, ಡಿಸೆಂಬರ್‌ಗಳಲ್ಲಿ ನಡೆಯುತ್ತದೆ. ಅದರ ಅತಿ ಸುಲಭದ ಹಂತ ಎನ್5ರಲ್ಲಿ ಪಾಸಾಗಲು 180ಕ್ಕೆ 80 ಬೇಕು, ಆದರೆ ಆಲಿಸುವ ವಿಭಾಗದಲ್ಲೇ ಪ್ರತ್ಯೇಕವಾಗಿ 60ಕ್ಕೆ 19 ಬರದಿದ್ದರೆ ಫೇಲ್. ಬರೀ ಪುಸ್ತಕ ಓದಿದವರು ಎಡವುವುದು ಇಲ್ಲೇ. ದಿನಾ ಹದಿನೈದು ನಿಮಿಷ ಆಡಿಯೋ ಕೇಳಿ, ಕೇಳಿದ್ದನ್ನು ಹಿರಗಾನದಲ್ಲಿ ಬರೆದು ತಾಳೆ ನೋಡಿ. ಎಸ್‌ಎಸ್‌ಎಲ್‌ಸಿ ವರ್ಷ ಡಿಸೆಂಬರ್ ಪರೀಕ್ಷೆ ಬಿಟ್ಟುಬಿಡಿ.